ಪರದೆಯ ಅಂದಕ್ಕೆ ತೆರುವ ಬೆಲೆ



ಕಂಪ್ಯೂಟರ್ ಪರದೆಯಲ್ಲಿ ಒಂದು ವಿಂಡೋವನ್ನು ಮೌಸ್‌ನಿಂದ ಎಳೆಯುತ್ತೀರಿ. ನಿಮಗದು ಬೆರಳ ತುದಿಯ ಕೆಲಸ; ಯಂತ್ರಕ್ಕೆ ದೊಡ್ಡ ಲೆಕ್ಕ. 1920×1080 ಅಳತೆಯ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿವೆ. ಒಂದು ಚುಕ್ಕೆಗೆ 4 ಬೈಟ್ ಹಿಡಿದರೆ ಒಂದು ಚಿತ್ರಕ್ಕೆ ಸುಮಾರು 8 ಎಂಬಿ. ಸೆಕೆಂಡಿಗೆ 60 ಸಲ ಇಡೀ ಚಿತ್ರ ಬರೆದರೆ ಸುಮಾರು 500 ಎಂಬಿ! ನೆರಳು, ಗಾಜಿನಂಥ ಅಂಚು ಸೇರಿದರೆ ಹಿಂದಿನ, ಮುಂದಿನ ಬಣ್ಣಗಳನ್ನು ಬೆರೆಸುವ ಲೆಕ್ಕವೂ ಕೂಡುತ್ತದೆ.

ಈ ಹೊರೆ ಹೊರಲೆಂದೇ ಗ್ರಾಫಿಕ್ಸ್ ಚಿಪ್ ಇದೆ. ಅದು ದುರ್ಬಲವಾಗಿದ್ದರೆ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ನಿಮ್ಮ ಕೆಲಸ ನಿಧಾನವಾಗುತ್ತದೆ. ಮೆಮೊರಿಯ ಕಥೆಯೂ ಹೀಗೆಯೇ. 1995ರ ವಿಂಡೋಸ್ 95ಕ್ಕೆ ಕನಿಷ್ಠ 4 ಎಂಬಿ ಬೇಕಿತ್ತು. 2021ರ ವಿಂಡೋಸ್ 11ಕ್ಕೆ 4 ಜಿಬಿ, ಅಂದರೆ ಸಾವಿರ ಪಟ್ಟು! ಇದೆಲ್ಲ ಅಲಂಕಾರದ ಖರ್ಚೆಂದು ಹೇಳಲಾಗದು. ಆದರೆ ಅದರ ಪಾಲೂ ಇದೆ.

ಆದ್ದರಿಂದ ವಿದ್ಯಾರ್ಥಿಗಳೇ, ಹೊಸ ಕಂಪ್ಯೂಟರಿಗೆ ಸಾಲ ಮಾಡುವ ಮೊದಲು ಹಳೆಯದರಲ್ಲಿ ಅನಿಮೇಷನ್, ನೆರಳುಗಳನ್ನು ನಿಲ್ಲಿಸಿ ನೋಡಿ. ಅದೂ ಸಾಲದಿದ್ದರೆ ಲಿನಕ್ಸ್ ಹಾಕಿ, ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್ ಬಳಸಿ. ಪ್ರಬಂಧ ಬರೆಯಲು, ಪ್ರೋಗ್ರಾಮಿಂಗ್ ಕಲಿಯಲು ಅಷ್ಟು ಸಾಕು. ಸದಸ್ಯರಲ್ಲಿ ಒಂದು ವಿನಂತಿ: ಮೂಲೆಗಿಟ್ಟ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. ಹೀಗೆ ಹಗುರ ಮಾಡಿದರೆ ಅದು ಒಬ್ಬ ಬಡ ವಿದ್ಯಾರ್ಥಿಯ ಓದಿಗೆ ಆಸರೆಯಾದೀತು.