ತಂತ್ರಾಂಶ: ಸ್ಥಾಪನೆಯೂ ತೆರವೂ



ಖಾಪರಖೇಡಾದ ಉಷ್ಣವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನಿಂತರೆ ಟರ್ಬೈನೂ ನಿಲ್ಲುವುದೆಂಬುದನ್ನು ತಾವು ಬಲ್ಲಿರಿ. ಗಣಕದ ತಂತ್ರಾಂಶಗಳೂ ಹೀಗೆಯೇ ಪರಸ್ಪರ ಅವಲಂಬಿತವಾಗಿವೆ.

ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ರೂಪಿಸಿ 2007ರಲ್ಲಿ ಬಿಡುಗಡೆ ಮಾಡಿದ ‘ಬಾಸ್’ ಲಿನಕ್ಸ್ ಕನ್ನಡದಲ್ಲಿಯೂ ಬಳಸಬಹುದಾದ ಕಾರ್ಯಾಚರಣ ವ್ಯವಸ್ಥೆ. ಇದರ ಕಮಾಂಡ್ ಲೈನಿನಲ್ಲಿ ‘ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು ಪ್ಯಾಕೇಜಿನ ಹೆಸರು ಸೇರಿಸಿದರೆ, ಅದಕ್ಕೆ ಅಗತ್ಯವಾದ ಇತರ ಪ್ಯಾಕೇಜುಗಳೂ ಭಂಡಾರದಿಂದ ತಾವಾಗಿ ಬರುತ್ತವೆ. ‘ಆಪ್ಟ್ ರಿಮೂವ್’ ತಂತ್ರಾಂಶವನ್ನು ತೆಗೆದು ಅದರ ಹೊಂದಾಣಿಕೆ ಕಡತಗಳನ್ನು ಉಳಿಸುತ್ತದೆ. ‘ಆಪ್ಟ್ ಪರ್ಜ್’ ಅವನ್ನೂ ಅಳಿಸುತ್ತದೆ.

ಒಂದನ್ನು ತೆಗೆದಾಗ ಅದನ್ನೇ ನೆಚ್ಚಿದ ಬೇರೆಯವೂ ಹೋಗುತ್ತವೆ. ಆದುದರಿಂದ ಸಮ್ಮತಿ ನೀಡುವ ಮುನ್ನ ಪರದೆಯ ಪಟ್ಟಿಯನ್ನು ಪೂರ್ಣವಾಗಿ ಓದಿರಿ. ಅಪರಿಚಿತ ಮೂಲದ ಪ್ಯಾಕೇಜುಗಳನ್ನು ಸ್ವೀಕರಿಸದಿರಿ.