ಐಡಿಯ ಹೆಸರನ್ನು ಹೇಗೆ ಕರೆಯುವುದು?

(ಬೀದರ ನಗರದ ಮಸೀದಿಯೊಂದರಲ್ಲಿ ಜುಮಾ ನಮಾಝಿಗೆ ಮುಂಚೆ ಮಾಡಿದ ಬಯಾನಿನ ಸಾರಾಂಶ)





ಇಂದಿನ ವಿಷಯ ಕೇಳಿ ಕೆಲವು ಹಿರಿಯರಿಗೆ ನಗು ಬರಬಹುದು. ನಮಾಝ್, ಝಕಾತ್, ನಿಕಾಹ್ ಬಿಟ್ಟು ಮೌಲಾನಾ ಮೊಬೈಲಿನ ಹೆಸರುಗಳಿಗೆ ಯಾಕೆ ಬಂದರು ಎಂದು. ಆದರೆ ಅಸರ್ ನಂತರ ನಮ್ಮ ಹತ್ತಿರ ಬಂದು ಕೂರುವ ಹುಡುಗರು ಈ ಪ್ರಶ್ನೆ ತಂದರು, ಅದರ ಒಳಗೆ ಇಳಿದಾಗ ಇದು ದೀನಿನದೇ ಪ್ರಶ್ನೆ ಎಂದು ನಮಗೆ ಕಂಡಿತು.

ಇನ್‌ಸ್ಟಾಗ್ರಾಮಿನಲ್ಲಿ, ಮೊಬೈಲ್ ಆಟಗಳಲ್ಲಿ ಪ್ರತಿಯೊಬ್ಬನಿಗೂ ಒಂದು ಐಡಿ ಇರುತ್ತದೆ. ತಂದೆ ತಾಯಿ ಅಕೀಕಾ ಮಾಡಿ ಇಟ್ಟ ಹೆಸರು ಬೇರೆ, ಇದು ಅವನೇ ಇಟ್ಟುಕೊಂಡ ಹೆಸರು. ಇಂಗ್ಲಿಷ್ ಅಕ್ಷರ, ನಡುವೆ ಜಾಗವಿಲ್ಲ, ಒಂದು ಅಡ್ಡಗೆರೆ, ಒಂದಿಷ್ಟು ಅಂಕಿ. ಬೆರಳಿನಿಂದ ಒತ್ತುವ ತನಕ ತೊಂದರೆಯಿಲ್ಲ. ಆಟದಲ್ಲಿ ಮೈಕ್ ಆನ್ ಆದಾಗ, ಅಥವಾ ಆ ಐಡಿಯ ಮನುಷ್ಯ ಚೌಬಾರಾದ ಹತ್ತಿರ ಎದುರಿಗೇ ಸಿಕ್ಕಾಗ, ಬಾಯಿ ಬಿಟ್ಟು ಕರೆಯಬೇಕು. ಆಗ ಒಬ್ಬ ಒಂದು ರೀತಿ ಓದುತ್ತಾನೆ, ಇನ್ನೊಬ್ಬ ಮತ್ತೊಂದು ರೀತಿ.

ಅರಬ್ ಯುವಕರ ಐಡಿಗಳನ್ನು ನೋಡಿ. ಗಲ್ಫಿನಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಇದು ಗೊತ್ತು. ಇಂಗ್ಲಿಷಿನಲ್ಲಿ ಅರಬಿಯ ದೊಡ್ಡ ಹಾ ಅಕ್ಷರವಿಲ್ಲ, ಅದಕ್ಕೆ ಅವರು ಅಂಕಿ 7 ಹಾಕುತ್ತಾರೆ. ಐನ್ ಅಕ್ಷರಕ್ಕೆ 3, ಖಾ ಅಕ್ಷರಕ್ಕೆ 5. ಗೊತ್ತಿಲ್ಲದವನು ಮುಹಮ್ಮದ್ ಎಂಬ ಪವಿತ್ರ ಹೆಸರನ್ನು ‘ಮೊ ಸೆವೆನ್ ಅಮ್ಮದ್’ ಎಂದು ಓದಿ ನಗುತ್ತಾನೆ. ನಮ್ಮಲ್ಲೇ ಏನು ಕಡಿಮೆ? ಈ ಭಾಗದಲ್ಲಿ ಮುಹಮ್ಮದ್ ಎಂದು ಪೂರ್ತಿ ಬರೆಯುವವರೇ ಅಪರೂಪ. ‘ಎಂಡಿ’ ಎಂಬ ಎರಡು ಅಕ್ಷರ ಬರೆದು ಚುಕ್ಕೆ ಇಡುತ್ತೇವೆ. ಐಡಿಯಲ್ಲಿ ಆ ಚುಕ್ಕೆಯೂ ಹೋಗುತ್ತದೆ. ಆಮೇಲೆ ಗೆಳೆಯರು ‘ಏ ಎಂಡಿ, ಬಾರೋ’ ಎಂದು ಕರೆಯುತ್ತಾರೆ. ನಮ್ಮ ಮುಬಾರಕ್ ಹೆಸರನ್ನು ನಾವೇ ಆಫೀಸಿನ ಹುದ್ದೆಯಂತೆ ಮಾಡಿಬಿಟ್ಟೆವು. ‘ಬಿಂತೆ ಹವ್ವಾ’ ಎಂದು ಐಡಿ ಇಟ್ಟುಕೊಂಡ ಹೆಣ್ಣುಮಗಳನ್ನು ಕಾಲೇಜಿನಲ್ಲಿ ‘ಬಿಂಟ್’ ಎನ್ನುತ್ತಾರೆ. ಅಬ್ದುರ್ರಝ್ಝಾಕ್ ಎಂಬುದರಲ್ಲಿ ಮುಂದಿನ ಭಾಗ ಕತ್ತರಿಸಿ ಬರೀ ‘ರಝಾಕ್’ ಉಳಿಸುವುದನ್ನು ಉಲಮಾಗಳು ಮೊದಲಿಂದಲೂ ಬೇಡ ಎನ್ನುತ್ತಾ ಬಂದಿದ್ದಾರೆ. ಆ ಗುಣ ಅಲ್ಲಾಹನದು, ಮನುಷ್ಯ ಅವನ ದಾಸ. ಬರೀ ‘ಅಬ್ದುಲ್’ ಉಳಿಸಿದರೂ ಮಾತು ಅರ್ಧಕ್ಕೆ ನಿಲ್ಲುತ್ತದೆ. ದಾಸ ಎನ್ನುವುದು ಇದೆ, ಯಾರ ದಾಸ ಎನ್ನುವುದು ಇಲ್ಲ.

ಸಹೋದರರೇ, ಬಾಯಿ ತಿರುಗದೆ ತಪ್ಪುವುದು ಬೇರೆ, ಬೇಕೆಂದೇ ತಿರುಚುವುದು ಬೇರೆ. ಮೊದಲನೆಯದಕ್ಕೆ ಇಸ್ಲಾಮಿನಲ್ಲಿ ಬಹಳ ಜಾಗವಿದೆ. ಕುರ್‌ಆನನ್ನು ತೊದಲುತ್ತಾ, ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲವಿದೆ ಎಂದು ಬುಖಾರಿ, ಮುಸ್ಲಿಂ ಎರಡರಲ್ಲೂ ಬಂದಿದೆ. (ಹಝ್ರತ್ ಬಿಲಾಲ್(ರ) ಅವರಿಗೆ ಶೀನ್ ಬರುತ್ತಿರಲಿಲ್ಲ, ಸೀನ್ ಹೇಳುತ್ತಿದ್ದರು ಎಂಬ ಕಥೆಯನ್ನು ನಮ್ಮ ಬಯಾನುಗಳಲ್ಲಿ ಬಹಳ ಹೇಳುತ್ತಾರೆ. ಹದೀಸ್ ವಿದ್ವಾಂಸರ ಪ್ರಕಾರ ಅದಕ್ಕೆ ಆಧಾರವಿಲ್ಲ. ಅವರ ಧ್ವನಿ ಇಂಪಾಗಿತ್ತು, ಸ್ಪಷ್ಟವಾಗಿತ್ತು.)

ನಮ್ಮ ದಖ್ಖನಿ ನಾಲಿಗೆಯನ್ನೇ ನೋಡೋಣ. ಗಂಟಲಿನಿಂದ ಬರಬೇಕಾದ ಕಾಫ್ ನಮ್ಮ ಬಾಯಲ್ಲಿ ಖ ಆಗುತ್ತದೆ. ಕಾದಿರ್ ಖಾದರ್ ಆದ, ಇಕ್ಬಾಲ್ ಇಖ್ಬಾಲ್ ಆದ. ಭಾಲ್ಕಿಯ ಸಂತೆಯಲ್ಲಿ ಝಾಕಿರ್ ಜಾಕೀರ್ ಆಗುತ್ತಾನೆ, ಏಕೆಂದರೆ ಕನ್ನಡ ವರ್ಣಮಾಲೆಯಲ್ಲಿ ಆ ಧ್ವನಿಗೆ ಅಕ್ಷರವೇ ಇಲ್ಲ. ಈ ಪತ್ರಿಕೆಯವರು ಝ ಹಾಕುತ್ತಾರೆ, ನಮ್ಮೂರ ಬೋರ್ಡುಗಳಲ್ಲಿ ಜ ಇರುತ್ತದೆ. ಇದಕ್ಕೆ ಕೋಪ ಮಾಡಿಕೊಳ್ಳುವವರು ತಮ್ಮ ಬಾಯಿಯ ಲೆಕ್ಕವನ್ನೂ ಕೊಡಬೇಕು. ಉರ್ದುವಿನಲ್ಲಿ ಣ ಇಲ್ಲ, ಳ ಇಲ್ಲ. ನೆರೆಮನೆಯ ವೀರಣ್ಣ ನಮ್ಮ ಮಕ್ಕಳ ಬಾಯಲ್ಲಿ ‘ವೀರನ್ನ’, ಕಾಳಪ್ಪ ‘ಕಾಲಪ್ಪ’. ಅವರು ಐವತ್ತು ವರ್ಷದಿಂದ ಸಹಿಸಿಕೊಂಡು ಬಂದಿದ್ದಾರೆ. ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳು ಮನೆಯಲ್ಲಿ ಅಜ್ಜಿಗೆ ಣ ಕಲಿಸಲಿ. ಅದರಿಂದ ಉರ್ದು ಕೆಡುವುದಿಲ್ಲ.

ಈ ಊರಿಗೆ ಇದು ಹೊಸದೇನಲ್ಲ. ಇರಾನಿನ ಗೀಲಾನ್ ಕಡೆಯಿಂದ ಬಂದ ಮಹಮೂದ್ ಗವಾನರು 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದರು. ಫಾರಸಿ, ಅರಬಿ, ತುರ್ಕಿ, ದಖ್ಖನಿ, ಕನ್ನಡ, ಮರಾಠಿ ನಾಲಿಗೆಗಳೆಲ್ಲ ಈ ಗಲ್ಲಿಗಳಲ್ಲಿ ಒಬ್ಬರ ಹೆಸರನ್ನು ಒಬ್ಬರು ಕರೆದಿವೆ. ಗವಾನ್, ಗಾವಾನ್ ಎಂದು ಇಂದಿಗೂ ಎರಡು ರೀತಿ ಬರೆಯುತ್ತೇವೆ. ಯಾರೂ ಅದರಿಂದ ಅವರನ್ನು ಅವಮಾನಿಸುತ್ತಿಲ್ಲ.

ಈಗ ಎರಡನೆಯದು. ಮಕ್ಕಾದ ಕುರೈಶರು ನಮ್ಮ ಪ್ರವಾದಿವರ್ಯರ(ಸ) ಹೆಸರನ್ನು ತಿರುಚಿದರು. ಮುಹಮ್ಮದ್ ಎಂದರೆ ಬಹಳ ಹೊಗಳಲ್ಪಟ್ಟವರು. ಅದನ್ನು ಬಿಟ್ಟು ‘ಮುಝಮ್ಮಮ್’, ಅಂದರೆ ತೆಗಳಲ್ಪಟ್ಟವನು, ಎಂದು ಕರೆದು ಬಯ್ಯುತ್ತಿದ್ದರು. ಪ್ರವಾದಿವರ್ಯರು(ಸ) ಸಹಾಬಾಗಳಿಗೆ ಹೇಳಿದ್ದೇನು? ಅಲ್ಲಾಹನು ಅವರ ಬೈಗುಳವನ್ನು ನನ್ನಿಂದ ಹೇಗೆ ತಿರುಗಿಸಿಬಿಟ್ಟ ನೋಡಿ, ಅವರು ಬಯ್ಯುತ್ತಿರುವುದು ಮುಝಮ್ಮಮನನ್ನು, ನಾನಾದರೋ ಮುಹಮ್ಮದ್ ಎಂಬರ್ಥದಲ್ಲಿ ಹೇಳಿದರು. ಇದು ಬುಖಾರಿಯಲ್ಲಿದೆ. ಶಾಲೆಯಲ್ಲಿ, ಆಟದಲ್ಲಿ ಹೆಸರು ತಿರುಚಿಸಿಕೊಂಡು ಮನೆಗೆ ಬಂದು ಸುಮ್ಮನೆ ಮೂಲೆಯಲ್ಲಿ ಕೂರುವ ಮಗುವಿಗೆ ತಾಯಂದಿರು ಈ ಘಟನೆಯನ್ನು ಹೇಳಬೇಕು. ಮದೀನಾದಲ್ಲಿ ‘ರಾಇನಾ’ ಎಂಬ ಒಳ್ಳೆಯ ಪದವನ್ನೇ ಕೆಲವರು ನಾಲಿಗೆ ಹೊರಳಿಸಿ ಬೈಗುಳ ಮಾಡುತ್ತಿದ್ದರು. ಸೂರಾ ಬಕರಾದ 104ನೇ ವಚನವು ಆ ಪದವನ್ನೇ ಬಿಟ್ಟು ‘ಉನ್‌ಝುರ್ನಾ’ ಎನ್ನುವಂತೆ ವಿಶ್ವಾಸಿಗಳಿಗೆ ಕಲಿಸಿತು. ಒಂದು ಪದದ ಉಚ್ಚಾರಕ್ಕಾಗಿ ಅಲ್ಲಾಹನು ಆಯತ್ ಇಳಿಸಿದ್ದಾನೆ. ಅಡ್ಡಹೆಸರುಗಳಿಂದ ಒಬ್ಬರನ್ನೊಬ್ಬರು ಹಂಗಿಸಬೇಡಿ ಎಂಬ ಸೂರಾ ಹುಜುರಾತಿನ 11ನೇ ವಚನ ನಿಮಗೆಲ್ಲ ಗೊತ್ತು. ಐಡಿಯನ್ನು ತಪ್ಪು ಜಾಗದಲ್ಲಿ ಮುರಿದು ಹೊಲಸು ಮಾತು ಹೊರಡಿಸಿ, ಐವತ್ತು ಜನ ಕೇಳುವಂತೆ ಮೈಕಿನಲ್ಲಿ ಕೂಗಿ, ‘ಮಜಾಕ್ ಮಾಡಿದೆ’ ಎನ್ನುವವನಿಗೂ ಆ ವಚನ ಅನ್ವಯಿಸುತ್ತದೆ. ಮಜಾಕ್ ಹೌದೋ ಅಲ್ಲವೋ ಎಂದು ಹೇಳಬೇಕಾದವನು ಆ ಹೆಸರಿನವನು.

ಹೆಸರು ಚಿಕ್ಕದು ಮಾಡುವುದೇ ತಪ್ಪೇ? ಅಲ್ಲ. ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ) ಅವರನ್ನು ಪ್ರೀತಿಯಿಂದ ‘ಆಯಿಶ್’ ಎಂದು ಕರೆದದ್ದಿದೆ. ಮಸೀದಿಯಲ್ಲಿ ಮಲಗಿ ಬೆನ್ನಿಗೆ ಮಣ್ಣು ಮೆತ್ತಿಕೊಂಡಿದ್ದ ಹಝ್ರತ್ ಅಲೀ(ರ) ಅವರನ್ನು ‘ಅಬೂ ತುರಾಬ್’, ಮಣ್ಣಿನವನೇ, ಎಂದು ಎಬ್ಬಿಸಿದರು. ಅಲೀ(ರ) ಅವರಿಗೆ ಅದಕ್ಕಿಂತ ಪ್ರಿಯವಾದ ಹೆಸರಿರಲಿಲ್ಲ. ಮುಂದೆ ಅವರ ವಿರೋಧಿಗಳು ಇದೇ ಹೆಸರನ್ನು ಅವರನ್ನು ಹಳಿಯಲು ಬಳಸಿದರು. ಅಕ್ಷರ ಅವೇ, ಬಾಯಿ ಬೇರೆ.

ಇನ್ನು ಆ ಹುಡುಗರು ತಂದ ಪ್ರಶ್ನೆ. ನಮ್ಮ ಮೊಹಲ್ಲಾದ ಮೂವರು ಎರಡು ವರ್ಷದಿಂದ ಒಬ್ಬನ ಜೊತೆ ಮೊಬೈಲಿನಲ್ಲಿ ಆಡುತ್ತಿದ್ದರು. ಅವನ ಐಡಿ ಇಂಗ್ಲಿಷಿನ ಎಸ್, ಎ, ಡಿ, ಆಮೇಲೆ 585. ಇವರು ‘ಸ್ಯಾಡ್ ಭಾಯಿ’ ಎನ್ನುತ್ತಿದ್ದರು. ಅವನು ಕಡಿಮೆ ಮಾತಿನವನು, ಓಗೊಡುತ್ತಿದ್ದ. ಕೆಲವು ವಾರ ಅವನು ಕಾಣಲಿಲ್ಲ. ಆಮೇಲೆ ಅದೇ ಐಡಿಯಿಂದ ಅವನ ತಮ್ಮ ಬರೆದ, ಅಣ್ಣ ಬೈಕ್ ಅಪಘಾತದಲ್ಲಿ ತೀರಿಕೊಂಡ, ದುಆ ಮಾಡಿ ಎಂದು. ಹುಡುಗರು ನಮ್ಮ ಹತ್ತಿರ ಬಂದು ಕೇಳಿದ್ದು ಇಷ್ಟೇ: ‘ಹಝ್ರತ್, ಹೆಸರೇ ಗೊತ್ತಿಲ್ಲ, ಮಗ್ಫಿರತ್ ದುಆದಲ್ಲಿ ಏನೆಂದು ಕರೆಯಬೇಕು?’

ಅಲ್ಲಾಹನಿಗೆ ಹೆಸರು ಹೇಳಿಕೊಡಬೇಕಾಗಿಲ್ಲ ಎಂದೆವು. ಆದರೆ ತಾಝಿಯತ್‌ಗೆ ಮನೆಗೆ ಹೋಗಲೇಬೇಕು, ಊರು ಕೇಳಿ ಎಂದೆವು. ಕೇಳಿದಾಗ ಔರಾದ ತಾಲ್ಲೂಕಿನ ಹಳ್ಳಿ. 585 ಎಂದರೆ ನಮ್ಮದೇ ಪಿನ್ ಕೋಡಿನ ಮೊದಲ ಮೂರು ಅಂಕಿ, ಎರಡು ವರ್ಷ ಕಣ್ಣೆದುರಿಗೇ ಇತ್ತು. ಬಸ್ಸಿನಲ್ಲಿ ಹೋದರು. ಅಂಗಳದಲ್ಲಿ ನಿಂತು ‘ಸ್ಯಾಡ್ ಭಾಯಿಯ ಮನೆ’ ಎಂದರೆ ಯಾರಿಗೂ ತಿಳಿಯಲಿಲ್ಲ. ತಮ್ಮ ಹೊರಗೆ ಬಂದು ಮೊಬೈಲ್ ನೋಡಿ ಓದಿದ: ‘ಸಅದ್.’ ಅದು ಅವನ ನಿಜವಾದ ಹೆಸರೂ ಅಲ್ಲ. ಮಕ್ತಬಿನಲ್ಲಿ ಉಸ್ತಾದರು ಹಝ್ರತ್ ಸಅದ್ ಬಿನ್ ಮುಆಝ್(ರ) ಅವರ ಬಗ್ಗೆ ಹೇಳಿದ್ದರಂತೆ. ಅವರ ಮರಣಕ್ಕೆ ಅಲ್ಲಾಹನ ಅರ್ಶ್ ಕಂಪಿಸಿತು ಎಂದು ಹದೀಸಿನಲ್ಲಿ ಬಂದಿದೆ. ಅದು ಮನಸ್ಸಿಗೆ ಹತ್ತಿ ಆ ಹೆಸರು ಇಟ್ಟುಕೊಂಡಿದ್ದ. ಸಅದ್ ಎಂದರೆ ಭಾಗ್ಯ. ಇವರು ಕರೆದ ಇಂಗ್ಲಿಷ್ ಪದಕ್ಕೆ ದುಃಖ ಎಂದರ್ಥ.

ತಾಯಿ ಕೇಳಿದರಂತೆ, ‘ನನ್ನ ಮಗನನ್ನು ನೀವು ಏನಂತ ಕರೀತಿದ್ರಿ ಬೇಟಾ?’ ಇಬ್ಬರು ತಲೆ ತಗ್ಗಿಸಿದರು. ಮೂರನೆಯವನು ‘ಸಅದ್ ಭಾಯಿ ಅಂತಿದ್ವಿ ಅಮ್ಮಿ’ ಎಂದ. ವಾಪಸು ಬಂದು, ಇದು ಸುಳ್ಳಾಯಿತೇ ಎಂದು ನಮ್ಮನ್ನು ಕೇಳಿದ. ಇಸ್ತಿಗ್ಫಾರ್ ಮಾಡು, ಇವತ್ತಿನಿಂದ ಹಾಗೇ ಕರೆ ಎಂದೆವು.

ಮನೆಯವರನ್ನು ಕೇಳಿಲ್ಲವಾದ್ದರಿಂದ ಅವನ ನಿಜ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಸುನ್ನತ್ ಮುಗಿದ ಮೇಲೆ ದುಆ ಇದೆ. ಅದರಲ್ಲಿ ನಾವು ಸಅದ್ ಎಂದೇ ಹೇಳುತ್ತೇವೆ: ಸೀನ್, ಐನ್, ದಾಲ್. ಆ ಮೂವರು ಹಿಂದಿನ ಸಫ್‌ನಲ್ಲಿ ಕೂತಿದ್ದಾರೆ, ನೀವೂ ಆಮೀನ್ ಹೇಳಿ.