ಮತಪತ್ರದಲ್ಲಿ ಕಾನೂನು



ಚುನಾವಣೆಯಲ್ಲಿ ನಾವು ಮತ ನೀಡುವುದು ಅಭ್ಯರ್ಥಿಗೆ. ಗೆದ್ದವರು ಶಾಸನಸಭೆಯಲ್ಲಿ ಕುಳಿತು ನಮ್ಮ ಪರವಾಗಿ ಕಾನೂನು ಮಾಡುತ್ತಾರೆ. ಆದರೆ ಒಂದು ಕಾನೂನಿನ ಪ್ರಸ್ತಾವವೇ ಮತಪತ್ರದಲ್ಲಿದ್ದು, ಅದು ಬೇಕೋ ಬೇಡವೋ ಎಂಬುದನ್ನು ಮತದಾರರೇ ತೀರ್ಮಾನಿಸುವಂತಿದ್ದರೆ ಹೇಗೆ? ಜನರೇ ಕಾನೂನನ್ನು ಸೂಚಿಸಿ ಜನರೇ ಅಂಗೀಕರಿಸುವ ಈ ಪದ್ಧತಿಗೆ ಜನೋಪಕ್ರಮ ಎನ್ನುತ್ತಾರೆ. ಇದರ ಗುಣದೋಷಗಳನ್ನು ತಿಳಿಯಲು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಳ್ಳೆಯ ನಿದರ್ಶನ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ರಾಜ್ಯದ ರಾಜಕೀಯದ ಮೇಲೆ ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಯ ಪ್ರಭಾವ ಬಹಳವಾಗಿತ್ತು. ಅದನ್ನು ಮುರಿಯುವುದಾಗಿ ಹೇಳಿ ಗೆದ್ದ ಗವರ್ನರ್ ಹೈರಮ್ ಜಾನ್ಸನ್ ಅವರ ಕಾಲದಲ್ಲಿ, 1911ರಲ್ಲಿ, ಜನೋಪಕ್ರಮ ಜಾರಿಗೆ ಬಂತು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಶೇಕಡಾ 5ರಷ್ಟು ಮತದಾರರ ಸಹಿ ದೊರೆತರೆ ಕಾನೂನನ್ನೂ, ಶೇಕಡಾ 8ರಷ್ಟು ದೊರೆತರೆ ರಾಜ್ಯ ಸಂವಿಧಾನದ ತಿದ್ದುಪಡಿಯನ್ನೂ ಜನರ ಮುಂದಿಡಬಹುದು.

ಇದರಿಂದ ಲಾಭವೇನು? ಶಾಸಕರು ತಾವಾಗಿ ಮಾಡಲೊಲ್ಲದ ಕೆಲಸವನ್ನು ಜನರು ಮಾಡಬಹುದು. ಕ್ಷೇತ್ರಗಳ ಗಡಿಯನ್ನು ತಮಗೆ ಅನುಕೂಲವಾಗುವಂತೆ ಎಳೆದುಕೊಳ್ಳುವ ಅಧಿಕಾರವನ್ನು ಯಾವ ಶಾಸಕರು ತಾವಾಗಿ ಬಿಟ್ಟುಕೊಟ್ಟಾರು? 2008ರಲ್ಲಿ ಮತದಾರರು 11ನೆಯ ಪ್ರಸ್ತಾವವನ್ನು ಅಂಗೀಕರಿಸಿ, ರಾಜ್ಯ ಶಾಸನಸಭೆಯ ಕ್ಷೇತ್ರ ವಿಂಗಡಣೆಯನ್ನು 14 ಮಂದಿ ನಾಗರಿಕರ ಆಯೋಗಕ್ಕೆ ವಹಿಸಿದರು.

ಇನ್ನು ದೋಷಗಳು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗಭೇದ ಮಾಡಬಾರದೆಂದು 1963ರಲ್ಲಿ ಶಾಸನಸಭೆ ಕಾನೂನು ಮಾಡಿತು. ಮರುವರ್ಷವೇ 14ನೆಯ ಪ್ರಸ್ತಾವದ ಮೂಲಕ ಮತದಾರರು ಅದರ ರಕ್ಷಣೆಯನ್ನು ಕಿತ್ತುಹಾಕಿದರು. ಮೂವರಲ್ಲಿ ಸುಮಾರು ಇಬ್ಬರು ಇದಕ್ಕೆ ಒಪ್ಪಿದ್ದರು. ಬಾಡಿಗೆ ಮನೆ ಹುಡುಕುತ್ತಿದ್ದ ಕರಿಯ ಕುಟುಂಬವೊಂದರ ಸ್ಥಿತಿಯನ್ನು ಯೋಚಿಸಿ ನೋಡಿ. ಬಹುಮತದ ವಿರುದ್ಧ ಅವರು ಯಾರಲ್ಲಿ ದೂರಬೇಕು? ಕೊನೆಗೆ ಅವರಿಗೆ ನೆರವಾದದ್ದು ನ್ಯಾಯಾಲಯ. 1966ರಲ್ಲಿ ರಾಜ್ಯದ, 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ತಿದ್ದುಪಡಿ ಅಸಿಂಧುವೆಂದು ತೀರ್ಪಿತ್ತವು.

1978ರ 13ನೆಯ ಪ್ರಸ್ತಾವದಲ್ಲಿ ಗುಣ ದೋಷ ಎರಡೂ ಬೆರೆತಿವೆ. ಮನೆಗಳ ಬೆಲೆಯೊಂದಿಗೆ ತೆರಿಗೆಯೂ ಏರುತ್ತಿದ್ದ ಕಾಲ ಅದು. ಆಸ್ತಿ ತೆರಿಗೆ ಶೇಕಡಾ 1ನ್ನು, ಮೌಲ್ಯದ ವಾರ್ಷಿಕ ಏರಿಕೆ ಶೇಕಡಾ 2ನ್ನು ಮೀರಬಾರದೆಂದು ಜನರು ವಿಧಿಸಿದರು. ವೃದ್ಧರು ನೆಮ್ಮದಿಯ ಉಸಿರು ಬಿಟ್ಟರು. ಆದರೆ ಶಾಲೆಗಳ, ಸ್ಥಳೀಯ ಸಂಸ್ಥೆಗಳ ವರಮಾನ ಕುಸಿಯಿತು. ಮೌಲ್ಯವನ್ನು ಹೊಸದಾಗಿ ನಿಗದಿ ಮಾಡುವುದು ಮನೆ ಮಾರಾಟವಾದಾಗ. ಆದ್ದರಿಂದ ಒಂದೇ ಬಗೆಯ ಎರಡು ಮನೆಗಳಿಗೆ ಬೇರೆ ಬೇರೆ ತೆರಿಗೆ ಬೀಳುತ್ತದೆ.

ಹಣದ ಪ್ರಶ್ನೆಯೂ ಇದೆ. ಲಕ್ಷಗಟ್ಟಲೆ ಸಹಿ ಸಂಗ್ರಹಿಸಲು ಕೂಲಿ ಕೊಟ್ಟು ಜನರನ್ನು ನೇಮಿಸುತ್ತಾರೆ. 2020ರಲ್ಲಿ ಆ್ಯಪ್ ಮೂಲಕ ಬಾಡಿಗೆ ಕಾರು ಓಡಿಸುವವರನ್ನು ನೌಕರರೆಂದು ಪರಿಗಣಿಸದಿರಲು 22ನೆಯ ಪ್ರಸ್ತಾವ ಬಂತು. ಅದರ ಪರವಾಗಿ ಕಂಪನಿಗಳು 20 ಕೋಟಿ ಡಾಲರಿಗೂ ಹೆಚ್ಚು ವೆಚ್ಚ ಮಾಡಿ ಗೆದ್ದವು. ಒಂದು ಕಂಪನಿಯ ಹಿಡಿತ ತಪ್ಪಿಸಲು ಹುಟ್ಟಿದ ಸಾಧನ ಬೇರೆ ಕಂಪನಿಗಳ ಕೈಗೆ ಒದಗಿತು.

ಸ್ವಿಟ್ಜರ್ಲೆಂಡಿನಲ್ಲಿ ಸಂವಿಧಾನ ತಿದ್ದುಪಡಿ ಕೋರಲು 18 ತಿಂಗಳೊಳಗೆ ಒಂದು ಲಕ್ಷ ಸಹಿ ಬೇಕು. ಸಂಸತ್ತು ಅದನ್ನು ಚರ್ಚಿಸಿ, ಬದಲಿ ಪ್ರಸ್ತಾವವನ್ನೂ ಜನರ ಮುಂದಿಡಬಹುದು. ಈ ನಿಧಾನ ವಿವೇಚನೆಗೆ ಎಡೆಕೊಡುತ್ತದೆ. ಆದರೂ ಅಲ್ಲಿನ ಪುರುಷ ಮತದಾರರು 1959ರಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕನ್ನು ನಿರಾಕರಿಸಿದರು. ಒಪ್ಪಿಗೆ ದೊರೆತದ್ದು 1971ರಲ್ಲಿ.

ಭಾರತದ ಸಂವಿಧಾನದಲ್ಲಿ ಜನೋಪಕ್ರಮಕ್ಕೆ ಅವಕಾಶವಿಲ್ಲ. ಆದರೆ 1992ರ 73ನೆಯ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದ ಮಾನ್ಯತೆ ನೀಡಿತು. ಹಳ್ಳಿಯ ಮತದಾರರ ಪಟ್ಟಿಗೆ ಹೆಸರು ಸೇರಿದ ದಿನವೇ ನೀವು ಅದರ ಸದಸ್ಯರು. ಅಲ್ಲಿ ಬೇಕು, ಬೇಡ ಎಂದಷ್ಟೇ ಹೇಳಬೇಕಾಗಿಲ್ಲ. ಪ್ರಶ್ನೆ ಕೇಳಬಹುದು, ತಿದ್ದುಪಡಿ ಸೂಚಿಸಬಹುದು. ಯಾವ ಪ್ರಸ್ತಾವ ಬಂದರೂ ಮೂರು ಪ್ರಶ್ನೆ ಕೇಳಿ: ಇದನ್ನು ಬರೆದವರು ಯಾರು? ಹಣ ಕೊಟ್ಟವರು ಯಾರು? ಇದರಿಂದ ಯಾರ ಹಕ್ಕಿಗೆ ಧಕ್ಕೆ? ಉತ್ತರ ತಿಳಿದ ಮೇಲೆ ಕೈ ಎತ್ತಿ.